ನಾಲ್ಕು ತಿಂಗಳ ಸೆಕೆಂಡ್‌ಮೆಂಟಿನಿಂದ ಏನು ತರಬಹುದು?

ಪ್ರಶ್ನೆ: ನಾನು ಯುರೋಪಿನ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ (ಹಲವು ದೇಶಗಳ ಸಂಸ್ಥೆಗಳು ಸೇರಿ ಪಿಎಚ್.ಡಿ. ತರಬೇತಿ ಕೊಡುವ ಯೋಜನೆ) ಒಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ಓದಿದ್ದು ರಸಾಯನಶಾಸ್ತ್ರ. ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಕೋಶಕ್ಕೆ ಸೂಚನೆ ಕೊಡುವ ಅಣು) ಹೊತ್ತೊಯ್ಯುವ ಲಿಪಿಡ್, ಅಂದರೆ ಕೊಬ್ಬಿನ, ನ್ಯಾನೊ ಕಣಗಳನ್ನು ತಯಾರಿಸುವುದು ನನ್ನ ಕೆಲಸ. ಇನ್ನು ಏಳು ತಿಂಗಳಿಗೆ ಯುರೋಪಿಯನ್ ಒಕ್ಕೂಟದ ಇನ್ನೊಂದು ದೇಶದ ಕ್ಯಾನ್ಸರ್ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ಲ್ಯಾಬಿಗೆ ನಾಲ್ಕು ತಿಂಗಳ ಸೆಕೆಂಡ್‌ಮೆಂಟ್ ಮೇಲೆ, ಅಂದರೆ ತಾತ್ಕಾಲಿಕ ನಿಯೋಜನೆ ಮೇಲೆ, ಹೋಗಬೇಕು. ನನ್ನ ಕಣಗಳಿಂದ ಟಿ ಕೋಶಗಳನ್ನು (ರಕ್ತದ ಒಂದು ಬಗೆಯ ರೋಗನಿರೋಧಕ ಕೋಶ) ಕಾರ್-ಟಿ ಕೋಶಗಳಾಗಿ, ಅಂದರೆ ಕ್ಯಾನ್ಸರ್ ಗುರುತಿಸುವ ‘ಕಾರ್’ ಎಂಬ ಕೃತಕ ಗ್ರಾಹಕ ಹೊತ್ತ ಕೋಶಗಳಾಗಿ ಮಾಡಿ, ಅವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆಯೇ ಎಂದು ನೋಡಿ, ಆಮೇಲೆ ಇಲಿಗಳಲ್ಲೂ ಪರೀಕ್ಷಿಸಿ, ‘ಪೇಪರಿಗೆ ಕನಿಷ್ಠ ಎರಡು ಫಿಗರ್ ತೆಗೆದುಕೊಂಡು ಬಾ’ ಎಂದು ಗೈಡ್ ಹೇಳಿದ್ದಾರೆ. ನಾನು ಇದುವರೆಗೆ ಒಂದು ಟಿ ಕೋಶವನ್ನೂ ಬೆಳೆಸಿದವಳಲ್ಲ. ಕ್ಯಾನ್ಸರ್ ಕೋಶ, ರೋಗಿಗಳ ರಕ್ತ ಮುಟ್ಟಿದರೆ ನನಗೇ ಏನಾದರೂ ಆದೀತು ಎಂದು ಅಮ್ಮ ಹೆದರಿದ್ದಾರೆ. ನಮ್ಮ ಗುಂಪಿನ ಹಿರಿಯರೊಬ್ಬರು ಹೀಗೆಯೇ ಹೋಗಿ ಬಂದಾಗ ಅವರ ಡೇಟಾ ಅಲ್ಲೇ ಉಳಿದುಬಿಟ್ಟಿತಂತೆ. ಇದೆಲ್ಲದರ ಮೇಲೆ, ನಮ್ಮ ದೊಡ್ಡಪ್ಪನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆ. ‘ಆ ಲ್ಯಾಬಿನ ಪ್ರೊಫೆಸರ್ ಹತ್ತಿರ ಕೇಳಿ ನೋಡಮ್ಮ’ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ನಾನು ಹೋಗಬೇಕೇ, ಮುಂದೂಡಬೇಕೇ?

ಉತ್ತರ: ಹೋಗಿ. ಆದರೆ ಈಗ ಇರುವ ಯೋಜನೆ ಇಟ್ಟುಕೊಂಡು ಹೋಗಬೇಡಿ. ಟಿ ಕೋಶ ಗೊತ್ತಿಲ್ಲ ಎಂಬುದು ನಿಮ್ಮ ದೊಡ್ಡ ತೊಂದರೆ ಎಂದು ನನಗನ್ನಿಸುವುದಿಲ್ಲ. ನಿದ್ದೆ ಕೆಡಿಸಿರುವುದು ಆ ‘ಎರಡು ಫಿಗರ್’. ಹೀಗೆ ಬಂದುಹೋಗುವ ವಿದ್ಯಾರ್ಥಿಗಳನ್ನು ನಾನು ವರ್ಷಗಳಿಂದ ಕರೆಸಿಕೊಂಡಿದ್ದೇನೆ, ನನ್ನವರನ್ನು ಬೇರೆಡೆಗೆ ಕಳಿಸಿಯೂ ಇದ್ದೇನೆ. ಬರಿಗೈಯಲ್ಲಿ ವಾಪಸಾದವರಲ್ಲಿ ಹೆಚ್ಚಿನವರು ಕಡಿಮೆ ಕೆಲಸ ಮಾಡಿದವರೇನಲ್ಲ. ಹೊರಡುವ ಮೊದಲೇ ಮೂಟೆಗಟ್ಟಲೆ ಕೆಲಸ ಒಪ್ಪಿಕೊಂಡವರು.

ಲೆಕ್ಕ ಹಾಕಿ ನೋಡಿ. ನಾಲ್ಕು ತಿಂಗಳೆಂದರೆ ಸುಮಾರು 17 ವಾರ. ಐಡಿ ಕಾರ್ಡ್, ಜೈವಿಕ ಸುರಕ್ಷತೆಯ ತರಬೇತಿ, ಫ್ಲೋ ಸೈಟೊಮೀಟರ್ (ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಅಳೆಯುವ ಯಂತ್ರ) ಬಳಸುವ ಅನುಮತಿ, ಯಾವ ಫ್ರೀಜರ್‌ನಲ್ಲಿ ಏನಿದೆ ಎಂದು ತಿಳಿಯುವುದು, ಇದರಲ್ಲೇ ಮೊದಲ ಮೂರು ವಾರ ಹೋಗುತ್ತದೆ. ಕೊನೆಯ ಎರಡು ವಾರ ಕೋಶಗಳನ್ನು ಫ್ರೀಜ್ ಮಾಡಿ ಲೇಬಲ್ ಹಚ್ಚುವುದಕ್ಕೆ, ಡೇಟಾ ಜೋಡಿಸುವುದಕ್ಕೆ. ನಡುವೆ ಉಳಿಯುವುದು 12 ವಾರ. ದಾನಿಯ ರಕ್ತದಿಂದ ಟಿ ಕೋಶ ಬೇರ್ಪಡಿಸಿ, ಎರಡು ಮೂರು ದಿನ ಎಬ್ಬಿಸಿ, ಅಂದರೆ ಚುರುಕುಗೊಳಿಸಿ, ನಿಮ್ಮ ಕಣ ಸೇರಿಸಿ, ಮರುದಿನ ಕಾರ್ ಮೂಡಿದೆಯೇ ಎಂದು ಫ್ಲೋನಲ್ಲಿ ನೋಡಿ, ಆಮೇಲೆ ಕ್ಯಾನ್ಸರ್ ಕೋಶಗಳ ಜೊತೆ ಬಿಟ್ಟು ಎಷ್ಟನ್ನು ಕೊಂದವು ಎಂದು ಅಳೆದು, ಬಂದ ಅಂಕಿಗಳನ್ನು ಬಿಡಿಸಿ ಕೂರುವ ಹೊತ್ತಿಗೆ ಹತ್ತು ದಿನದಿಂದ ಎರಡು ವಾರ ಆಗಿರುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು ಆರೇಳು ಸುತ್ತು. ಮೊದಲನೆಯದು ಕಲಿಕೆಗೆ. ಎರಡನೆಯದು ಕೈಕೊಡುವುದೇ ಹೆಚ್ಚು. ಉಳಿದವುಗಳಲ್ಲಿ ಕನಿಷ್ಠ ಮೂವರು ಬೇರೆ ಬೇರೆ ದಾನಿಗಳ ರಕ್ತದಲ್ಲಿ ಒಂದೇ ಪ್ರಯೋಗ ಮತ್ತೆ ಮಾಡಬೇಕು, ಏಕೆಂದರೆ ಒಬ್ಬರ ಟಿ ಕೋಶ ಕೊಟ್ಟ ಉತ್ತರವನ್ನು ಇನ್ನೊಬ್ಬರದು ಕೊಡುವುದಿಲ್ಲ. ಎಲ್ಲವೂ ಸುಸೂತ್ರವಾಗಿ ನಡೆದರೆ ಒಂದು ಒಳ್ಳೆಯ ಫಿಗರ್ ಸಿಗುತ್ತದೆ.

ಇಲಿಗಳ ವಿಚಾರ ಕೈಬಿಡಿ. ಯುರೋಪಿಯನ್ ಒಕ್ಕೂಟದಲ್ಲಿ ಪ್ರಾಣಿ ಪ್ರಯೋಗಗಳು 2010ರ ನಿರ್ದೇಶನಕ್ಕೆ ಒಳಪಟ್ಟಿವೆ. ಯೋಜನೆಗೆ ಅನುಮೋದನೆ ಬೇಕು, ಪ್ರಾಣಿ ಮುಟ್ಟುವ ವ್ಯಕ್ತಿಗೆ ತರಬೇತಿ ಬೇಕು. ಅನುಮೋದನೆ ಪಡೆದ ಯೋಜನೆಯಲ್ಲಿ ನಿಮ್ಮ ಕಣಗಳ ಉಲ್ಲೇಖ ಇಲ್ಲದಿದ್ದರೆ ಅದಕ್ಕೆ ತಿದ್ದುಪಡಿ ಬೇಕು, ಅದಕ್ಕೇ ತಿಂಗಳುಗಳು ಹಿಡಿಯುತ್ತವೆ. ಗಡ್ಡೆ ಬೆಳೆಯಲು, ಚಿಕಿತ್ಸೆ ಕೊಡಲು, ಕಾದು ನೋಡಲು ಇನ್ನಷ್ಟು ವಾರ. ಆತುರದಲ್ಲಿ ಅರ್ಧಂಬರ್ಧ ಮಾಡಿದ ಪ್ರಯೋಗಕ್ಕೆ ಪ್ರಾಣಿಗಳನ್ನು ಬಲಿ ಕೊಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ನೀವು ತರಬೇಕಾದದ್ದು ಏನು? ಕೈ ಮತ್ತು ಕಣ್ಣು. ಪ್ರೋಟೊಕಾಲ್ ಕಾಗದದಲ್ಲಿ ಸಿಗುತ್ತದೆ, ಕೋಶ ನೋಡಿ ‘ಇದು ಇವತ್ತು ಸರಿಯಿಲ್ಲ’ ಎನ್ನುವ ಕಣ್ಣು ಮಾತ್ರ ಪಕ್ಕದಲ್ಲಿ ಕೂತು ಕಲಿತರೇ ಬರುವುದು. ರಕ್ತವನ್ನು ಫೈಕಾಲ್ ಎಂಬ ಸಾಂದ್ರ ದ್ರವದ ಮೇಲೆ ಕೊಳವೆಯ ಗೋಡೆಗುಂಟ ನಿಧಾನವಾಗಿ ಇಳಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ, ಕೆಳಗೆ ಕೆಂಪು, ಅದರ ಮೇಲೆ ತಿಳಿಯಾದ ದ್ರವ, ಎಲ್ಲಕ್ಕಿಂತ ಮೇಲೆ ಹಳದಿ ಪ್ಲಾಸ್ಮಾ. ತಿಳಿದ್ರವಕ್ಕೂ ಪ್ಲಾಸ್ಮಾಕ್ಕೂ ನಡುವೆ ಮಂಜಿನಂಥ ತೆಳ್ಳನೆ ಬಿಳಿ ಉಂಗುರ ಕಾಣುತ್ತದೆ. ನಿಮಗೆ ಬೇಕಾದ ಕೋಶಗಳೆಲ್ಲ ಆ ಉಂಗುರದಲ್ಲಿವೆ. ಸೆಂಟ್ರಿಫ್ಯೂಜ್ ನಿಲ್ಲುವಾಗ ಅದರ ಬ್ರೇಕ್ ಆಫ್ ಆಗಿರಬೇಕು. ಇಲ್ಲದಿದ್ದರೆ ಆ ಕುಲುಕಾಟಕ್ಕೆ ಉಂಗುರ ಕದಡಿಹೋಗುತ್ತದೆ. ನಾನು ವಿದ್ಯಾರ್ಥಿಯಾಗಿ ಬೇರೆ ಲ್ಯಾಬಿಗೆ ಹೋದ ಮೊದಲ ವಾರ ಬ್ರೇಕ್ ಆನ್ ಇಟ್ಟು ಒಬ್ಬ ದಾನಿಯ ರಕ್ತವನ್ನು ಹಾಳು ಮಾಡಿದ್ದೆ. ನನ್ನ ಲ್ಯಾಬಿಗೆ ಯಾರೇ ಬಂದರೂ ಮೊದಲು ಆ ಬಟನ್ ತೋರಿಸುತ್ತೇನೆ.

ಸಿಡಿ3 ಮತ್ತು ಸಿಡಿ28 ಎಂಬ ಎರಡು ಪ್ರೋಟೀನುಗಳನ್ನು ತಟ್ಟಿ ಟಿ ಕೋಶಗಳನ್ನು ಎಬ್ಬಿಸುತ್ತೇವೆ. ಅಲ್ಲಿಯವರೆಗೆ ಅವು ಸಣ್ಣ ದುಂಡು ಚುಕ್ಕೆಗಳು, ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಬಿದ್ದಿರುತ್ತವೆ. ಎರಡನೇ, ಮೂರನೇ ದಿನ ಮೈಕ್ರೊಸ್ಕೋಪ್ ಕೆಳಗಿಟ್ಟು ನೋಡಿ: ದಪ್ಪಗಾಗಿ, ಒಂದನ್ನೊಂದು ಹಿಡಿದು ಗೊಂಚಲು ಗೊಂಚಲಾಗಿ ನಿಂತಿರುತ್ತವೆ. ಮೀಡಿಯಂ, ಅಂದರೆ ಕೋಶ ಬೆಳೆಸುವ ದ್ರವ, ಕೆಂಪಿನಿಂದ ಹಳದಿಯತ್ತ ತಿರುಗುತ್ತದೆ. ಗೊಂಚಲು ಮೂಡದಿದ್ದರೆ ಮುಂದಿನ ಹೆಜ್ಜೆ ಇಡಬೇಡಿ. ದಿನ ತುಂಬಿತೆಂದು ಕ್ಯಾಲೆಂಡರ್ ನೋಡಿ ಕಣ ಸುರಿದವರು ಒಂದು ವಾರ ಕಳೆದುಕೊಳ್ಳುತ್ತಾರೆ.

ನಿಮ್ಮ ಕಣಗಳ ಬಗ್ಗೆ ಮೂರು ಮಾತು. ರಸಾಯನಶಾಸ್ತ್ರದಿಂದ ಬಂದವರು ಬಹಳ ಸಲ ಎಡವುವುದು ಇಲ್ಲೇ. ಹೊರಡುವ ಮೊದಲು ಪ್ರತಿ ಬ್ಯಾಚನ್ನೂ ಎಂಡೊಟಾಕ್ಸಿನ್ ಪರೀಕ್ಷೆಗೆ ಒಡ್ಡಿ. ಬ್ಯಾಕ್ಟೀರಿಯಾಗಳ ಹೊದಿಕೆಯಿಂದ ಬರುವ ಈ ವಸ್ತು ಗಾಜಿನ ಸಾಮಾನಿನಲ್ಲಿ, ಬಫರ್‌ನಲ್ಲಿ ಕಣ್ಣಿಗೆ ಕಾಣದೆ ಉಳಿದಿರುತ್ತದೆ. ಆಟೋಕ್ಲೇವ್‌ಗೂ ಜಗ್ಗುವುದಿಲ್ಲ. ರೋಗನಿರೋಧಕ ಕೋಶಗಳನ್ನು ಇದು ಕೆರಳಿಸಿದಾಗ ‘ನನ್ನ ಕಣ ಕೆಲಸ ಮಾಡಿತು’ ಎಂದು ನೀವು ಸಂಭ್ರಮಿಸುತ್ತೀರಿ, ಕೆಲಸ ಮಾಡಿದ್ದು ಕೊಳೆ. ಎರಡನೆಯದು, ನಿಮ್ಮ ಲ್ಯಾಬಿನ ಎಚ್‌ಇಕೆ ಕೋಶಗಳಲ್ಲಿ (ಲ್ಯಾಬಿನಲ್ಲಿ ಸುಲಭವಾಗಿ ಬೆಳೆಯುವ ಮನುಷ್ಯ ಮೂಲದ ಕೋಶಗಳು) ಕಂಡಂಥ ಫಲಿತಾಂಶ ಟಿ ಕೋಶದಲ್ಲಿ ಕಾಣಿಸುವುದಿಲ್ಲ. ಟಿ ಕೋಶಕ್ಕೆ ಹೊರಗಿನದನ್ನು ನುಂಗುವ ಉತ್ಸಾಹ ಕಡಿಮೆ, ಎಬ್ಬಿಸದ ಕೋಶದಲ್ಲಂತೂ ತೀರಾ ಕಡಿಮೆ. ಮೊದಲ ಸಲ ಶೇಕಡಾವಾರು ಕುಸಿದಿದ್ದನ್ನು ನೋಡಿ ಕಣ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಇನ್ನೊಂದು ಮಾತು ಸೀರಂ, ಅಂದರೆ ಮೀಡಿಯಂಗೆ ಸೇರಿಸುವ ರಕ್ತದ ದ್ರವಭಾಗದ ಬಗ್ಗೆ. ಅದರಲ್ಲಿರುವ ಅಪೊ-ಇ ಎಂಬ ಪ್ರೋಟೀನ್ ಲಿಪಿಡ್ ಕಣಕ್ಕೆ ಅಂಟಿಕೊಂಡು ಅದು ಕೋಶದೊಳಗೆ ಹೋಗುವ ದಾರಿಯನ್ನೇ ಬದಲಿಸುತ್ತದೆ. ಆ ಲ್ಯಾಬಿನವರು ಯಾವ ಮೀಡಿಯಂ, ಎಷ್ಟು ಸೀರಂ ಬಳಸುತ್ತಾರೆ ಎಂದು ಈಗಲೇ ಕೇಳಿ, ನಿಮ್ಮಲ್ಲೇ ಒಮ್ಮೆ ಪರೀಕ್ಷಿಸಿ. ಅವರಿಗೆ ಕೋಶ ಗೊತ್ತು, ಕಣ ಗೊತ್ತಿಲ್ಲ. ನೀವು ಅಲ್ಲಿಗೆ ಭಿಕ್ಷೆಗೆ ಹೋಗುತ್ತಿಲ್ಲ ಎಂಬುದನ್ನು ಮರೆಯಬೇಡಿ.

ಹೊರಡುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ, ಇದನ್ನು ಬಹಳ ಜನ ಕೇಳುವುದೇ ಇಲ್ಲ: ದಿನಾ ಪಕ್ಕದಲ್ಲಿ ಕೂತು ಕಲಿಸುವವರು ಯಾರು? ಪ್ರೊಫೆಸರ್ ನಿಮಗೆ ವಾರಕ್ಕೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಕಲಿಸುವುದು ಒಬ್ಬ ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿದ ಸಂಶೋಧಕ) ಅಥವಾ ಟೆಕ್ನಿಷಿಯನ್. ಅವರ ಹೆಸರು ತಿಳಿದುಕೊಳ್ಳಿ, ವಿಡಿಯೊ ಕಾಲ್‌ನಲ್ಲಿ ಮಾತಾಡಿ, ಆ ನಾಲ್ಕು ತಿಂಗಳು ಅವರು ರಜೆಯಲ್ಲಿ ಇರುವುದಿಲ್ಲ, ಕೆಲಸ ಬಿಟ್ಟು ಹೋಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ನಾನು ಕಳಿಸಿದ ಹುಡುಗನೊಬ್ಬ ಹೋಗಿ ಇಳಿದ ವಾರವೇ ಅವನಿಗೆ ಕಲಿಸಬೇಕಿದ್ದ ಪೋಸ್ಟ್‌ಡಾಕ್ ಹೊಸ ಕೆಲಸಕ್ಕೆ ಹೊರಟುಹೋದರು. ಎರಡು ತಿಂಗಳು ಅವನು ಯಾರ ಬೆಂಚಿನ ಹತ್ತಿರ ನಿಲ್ಲಬೇಕೆಂದೇ ತಿಳಿಯದೆ ಓಡಾಡಿದ. ಆ ಪ್ರಶ್ನೆಯನ್ನು ಮೊದಲೇ ಕೇಳದ ತಪ್ಪು ನನ್ನದು.

ಈಗ ಅಮ್ಮನ ಭಯ. ಕ್ಯಾನ್ಸರ್ ಕೋಶ ಮುಟ್ಟಿದರೆ, ಅದರ ಪಕ್ಕ ಉಸಿರಾಡಿದರೆ ಕ್ಯಾನ್ಸರ್ ಬರುವುದಿಲ್ಲ. ಬೇರೆಯವರ ಕೋಶ ನಮ್ಮ ಮೈಯೊಳಗೆ ಸೇರಿದರೂ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯ ಎಂದು ಗುರುತಿಸಿ ಮುಗಿಸಿಬಿಡುತ್ತದೆ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸುವುದೂ ಇದೇ ಕಾರಣಕ್ಕೆ. ಸೂಜಿ ಚುಚ್ಚಿಕೊಂಡು ಅಥವಾ ಕೈಗೆ ಗಾಯವಾಗಿ ಗಡ್ಡೆ ಬೆಳೆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಇಲ್ಲವೆಂದಲ್ಲ. 1986ರಲ್ಲಿ ಒಬ್ಬ ಲ್ಯಾಬ್ ಸಿಬ್ಬಂದಿಯ ವಿಷಯದಲ್ಲಿ, 1996ರಲ್ಲಿ ಒಬ್ಬ ಶಸ್ತ್ರಚಿಕಿತ್ಸಕರ ವಿಷಯದಲ್ಲಿ ಹಾಗೆ ವರದಿಯಾಗಿದೆ. ಜಗತ್ತಿನ ಲ್ಯಾಬುಗಳಲ್ಲಿ ದಿನಾ ಎಷ್ಟು ಕೈಗಳು ಈ ಕೋಶಗಳನ್ನು ಹಿಡಿಯುತ್ತವೆ ಎಂದು ಯೋಚಿಸಿದರೆ ಅದು ಅತಿ ಅಪರೂಪ. ಆದ್ದರಿಂದ ಅಮ್ಮನಿಗೆ ಧೈರ್ಯ ಹೇಳಿ, ಸೂಜಿ ಮತ್ತು ಗಾಜಿನ ವಿಷಯದಲ್ಲಿ ಮಾತ್ರ ನೀವು ಹುಷಾರಾಗಿರಿ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ರಕ್ತದ ವಿಷಯದಲ್ಲಿ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ರಕ್ತದ ಮೂಲಕ ಹರಡುತ್ತವೆ. ದಾನಿಗಳ ರಕ್ತವನ್ನು ಪರೀಕ್ಷಿಸಿರುತ್ತಾರೆ, ಆದರೂ ಪ್ರತಿ ಚೀಲವನ್ನೂ ಸೋಂಕಿದೆ ಎಂದೇ ಭಾವಿಸಿ ಕೆಲಸ ಮಾಡುವುದು ನಿಯಮ. ಹೆಪಟೈಟಿಸ್ ಬಿ ಲಸಿಕೆಯ ಸಾಮಾನ್ಯ ವೇಳಾಪಟ್ಟಿ ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿ ಪ್ರತಿಕಾಯ ಸಾಕಷ್ಟಿದೆಯೇ ನೋಡುತ್ತಾರೆ. ನಿಮಗಿರುವುದು ಏಳು ತಿಂಗಳು. ಚಿಕ್ಕಂದಿನಲ್ಲಿ ಹಾಕಿಸಿರದಿದ್ದರೆ ಈ ವಾರವೇ ಶುರು ಮಾಡಿ. ಇನ್ನೊಂದು ಕಟ್ಟುನಿಟ್ಟಿನ ನಿಯಮ: ನಿಮ್ಮದೇ ರಕ್ತದ ಕೋಶಗಳ ಮೇಲೆ ಪ್ರಯೋಗ ಮಾಡಬೇಡಿ. ದಾನಿ ಬರಲಿಲ್ಲ, ಸಂಜೆಯಾಯಿತು, ‘ನನ್ನದೇ ಹತ್ತು ಎಂಎಲ್ ತೆಗೆದುಕೊಳ್ಳಿ’ ಎನ್ನುವ ಆಸೆ ಬರುತ್ತದೆ. ಪರಕೀಯ ಕೋಶವನ್ನು ತಿರಸ್ಕರಿಸುವ ದೇಹ ತನ್ನದೇ ಕೋಶವನ್ನು ತಿರಸ್ಕರಿಸುವುದಿಲ್ಲ. ಲ್ಯಾಬಿನಲ್ಲಿ ಮಾರ್ಪಡಿಸಿದ ನಿಮ್ಮದೇ ಕೋಶ ಆಕಸ್ಮಿಕವಾಗಿ ನಿಮ್ಮ ಮೈ ಸೇರಿದರೆ ನಿಮ್ಮನ್ನು ಕಾಯಬೇಕಾದ ಆ ಬೇಲಿ ಇರುವುದಿಲ್ಲ.

ಡೇಟಾ ಅಲ್ಲೇ ಉಳಿಯಿತು ಎಂಬ ನಿಮ್ಮ ಹಿರಿಯರ ಕಥೆಯನ್ನು ನಾನು ನಂಬುತ್ತೇನೆ. ಇಲ್ಲಿ ಮೋಸ ನಡೆದಿರಬೇಕೆಂದೇನಿಲ್ಲ, ಬರಹದಲ್ಲಿ ಏನೂ ಇಲ್ಲದಿದ್ದರೆ ಹಾಗಾಗುತ್ತದೆ. ಲ್ಯಾಬ್ ನೋಟ್‌ಬುಕ್ ಸಾಮಾನ್ಯವಾಗಿ ಆತಿಥೇಯ ಸಂಸ್ಥೆಯ ಆಸ್ತಿ. ಅದರ ನಕಲು ಒಯ್ಯಲು ಅನುಮತಿ ಇದೆಯೇ, ಫ್ಲೋ ಸೈಟೊಮೆಟ್ರಿಯ ಕಚ್ಚಾ ಫೈಲುಗಳು ಎರಡೂ ಕಡೆ ಇರುತ್ತವೆಯೇ, ಪೇಪರ್ ಯಾರು ಬರೆಯುತ್ತಾರೆ, ಮೊದಲ ಹೆಸರು ಯಾರದು, ಈ ನಾಲ್ಕನ್ನು ಇಬ್ಬರು ಪ್ರೊಫೆಸರುಗಳೂ ಒಪ್ಪಿದ ಒಂದು ಇಮೇಲ್‌ನಲ್ಲಾದರೂ ಬರೆಸಿಕೊಳ್ಳಿ. ವೈದ್ಯಕೀಯ ನಿಯತಕಾಲಿಕೆಗಳು ಲೇಖಕತ್ವಕ್ಕೆ ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುಪಡಿಯಲ್ಲಿ ಭಾಗ, ಅಂತಿಮ ಪ್ರತಿಗೆ ಒಪ್ಪಿಗೆ, ಹೊಣೆಗಾರಿಕೆ ಎಲ್ಲವನ್ನೂ ಕೇಳುತ್ತವೆ. ಕೆಲಸ ಮಾಡಿ ಬಂದು ಸುಮ್ಮನಾದರೆ ಕೃತಜ್ಞತೆಯ ಸಾಲಿಗೆ ಇಳಿಯುತ್ತೀರಿ. ನಿಮ್ಮ ಕಣಗಳು ಅಲ್ಲಿಗೆ ಹೋಗುವ ಮೊದಲು, ಅವರ ಕೋಶಗಳು ಇಲ್ಲಿಗೆ ಬರುವ ಮೊದಲು ಎಂಟಿಎ, ಅಂದರೆ ವಸ್ತು ವರ್ಗಾವಣೆ ಒಪ್ಪಂದ, ಸಹಿಯಾಗಿರಬೇಕು. ಎರಡೂ ಕಡೆಯ ಕಾನೂನು ವಿಭಾಗಗಳ ಮೇಜು ದಾಟಬೇಕಾದ ಕಾಗದ ಇದು, ಈಗಲೇ ಶುರು ಮಾಡಿಸಿ. ಪೇಟೆಂಟ್ ಯೋಚನೆ ಇದ್ದರೆ ಇನ್ನೂ ಒಂದು ಎಚ್ಚರಿಕೆ: ಯುರೋಪಿನಲ್ಲಿ ಅರ್ಜಿ ಹಾಕುವ ಮೊದಲು ಒಂದು ಪೋಸ್ಟರ್‌ನಲ್ಲಿ ತೋರಿಸಿದರೂ ಆವಿಷ್ಕಾರದ ಹೊಸತನ ಹೋದಂತೆ. ಅಮೆರಿಕದಲ್ಲಿರುವ ಒಂದು ವರ್ಷದ ವಿನಾಯಿತಿ ಇಲ್ಲಿ ನಿಮಗೆ ನೆರವಾಗುವುದಿಲ್ಲ.

ವಾಪಸು ಬರುವಾಗ ಕೋಶಗಳನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಬರಬೇಡಿ. ಕಳಿಸುವುದಕ್ಕೆ ನಿಯಮಬದ್ಧ ಪ್ಯಾಕಿಂಗ್ ಇದೆ, ಡ್ರೈ ಐಸ್‌ಗೂ ಪ್ರತ್ಯೇಕ ಲೇಬಲ್ ಇದೆ. ನನ್ನ ಮೂರು ತಿಂಗಳ ಕೆಲಸ ಒಮ್ಮೆ ಗುರುವಾರ ಹೊರಟು, ವಾರಾಂತ್ಯದಲ್ಲಿ ಎಲ್ಲೋ ಒಂದು ಗೋದಾಮಿನಲ್ಲಿ ಕೂತು, ಮಂಗಳವಾರ ನನ್ನ ಕೈಸೇರಿತು. ಮುಚ್ಚಳ ತೆಗೆದರೆ ಡ್ರೈ ಐಸ್ ಇದ್ದ ಜಾಗ ಖಾಲಿ. ವಯಲ್‌ಗಳು ಬೆಚ್ಚಗಿದ್ದವು. ಒಂದೊಂದಾಗಿ ಎತ್ತಿ ನನ್ನದೇ ಕೈಬರಹದ ಲೇಬಲ್ ಓದಿದ್ದು ಇನ್ನೂ ನೆನಪಿದೆ. ಸೋಮವಾರ ಕಳಿಸಿ, ಅರ್ಧದಷ್ಟನ್ನು ಅಲ್ಲೇ ದ್ರವ ಸಾರಜನಕದಲ್ಲಿ ಉಳಿಸಿ, ಮೊದಲ ಕಂತು ಜೀವಂತವಾಗಿದೆ ಎಂದು ತಿಳಿದ ಮೇಲೆ ಉಳಿದದ್ದನ್ನು ತರಿಸಿ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾಲ್ಕು ತಿಂಗಳೆಂದರೆ 180 ದಿನಗಳಲ್ಲಿ 90 ದಿನ ಎಂಬ ಷೆಂಗೆನ್ (ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ಗುಂಪು) ಮಿತಿ ದಾಟುತ್ತದೆ. ನಿಮ್ಮಲ್ಲಿ ಒಕ್ಕೂಟದ ಒಂದು ದೇಶದ ಸಂಶೋಧಕರ ನಿವಾಸ ಪರವಾನಗಿ ಇದ್ದರೆ 2016ರ ನಿರ್ದೇಶನದಡಿ ಇನ್ನೊಂದು ದೇಶದಲ್ಲಿ 360 ದಿನಗಳಲ್ಲಿ 180 ದಿನದವರೆಗೆ ಕೆಲಸ ಮಾಡಬಹುದು. ಕೆಲವು ದೇಶಗಳು ಮೊದಲೇ ತಿಳಿಸಬೇಕೆನ್ನುತ್ತವೆ; ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ವ್ಯವಸ್ಥೆಯ ಹೊರಗಿವೆ. ಸಂಬಳ ನಿಮ್ಮನ್ನು ನೇಮಿಸಿಕೊಂಡ ಸಂಸ್ಥೆಯಿಂದಲೇ ಬರುತ್ತಿರುತ್ತದೆ. ಪ್ರಯಾಣ, ಬಾಡಿಗೆಯ ಖರ್ಚು ಯಾರದೆಂದು ಕೇಳಿಕೊಳ್ಳಿ.

ಗೈಡ್ ಮುಂದೆ ಏನು ಇಡಬೇಕು? ಮುಂದೂಡುವುದನ್ನು ನಾನು ಬೇಡವೆನ್ನುತ್ತೇನೆ. ನಿಮ್ಮ ನೆಟ್‌ವರ್ಕಿನಲ್ಲಿ ಒಟ್ಟು ಅವಧಿಯ ಮೂರನೇ ಒಂದು ಭಾಗದವರೆಗೆ ಸೆಕೆಂಡ್‌ಮೆಂಟ್ ಮಾಡಬಹುದು, ಹಾಗಾಗಿ ಅವಕಾಶ ಇದೆ. ಆದರೆ ಮೂರನೇ ವರ್ಷಕ್ಕೆ ಹೋದರೆ ಕಲಿತದ್ದನ್ನು ನಿಮ್ಮ ಲ್ಯಾಬಿನಲ್ಲಿ ಬಳಸಲು ಸಮಯ ಉಳಿಯುವುದಿಲ್ಲ. ‘ಕಣ ಕಳಿಸು, ಪ್ರಯೋಗ ಅವರೇ ಮಾಡಲಿ’ ಎಂದು ಗೈಡ್ ಹೇಳಬಹುದು. ಫಿಗರ್ ಬೇಗ ಬಂದೀತು, ಆದರೆ ನಿಮಗೆ ಕೈ ಬರುವುದಿಲ್ಲ, ಲೇಖಕರ ಪಟ್ಟಿಯಲ್ಲೂ ಹಿಂದೆ ಸರಿಯುತ್ತೀರಿ. ನನ್ನ ಮೆಚ್ಚಿನ ದಾರಿ ಎರಡು ಕಂತಿನಲ್ಲಿ ಹೋಗುವುದು: ಮೊದಲು ಐದಾರು ವಾರ ಕಲಿಯಲು, ಒಂದೆರಡು ತಿಂಗಳು ವಾಪಸು ಬಂದು ಕಣಗಳನ್ನು ತಿದ್ದಿ, ಆಮೇಲೆ ಹತ್ತು ಹನ್ನೊಂದು ವಾರ ಪ್ರಯೋಗಕ್ಕೆ. ಖರ್ಚು, ಕಾಗದಪತ್ರ ಹೆಚ್ಚು, ಎರಡನೇ ಸಲ ಕಲಿಸಿದವರು ಅಲ್ಲಿರುತ್ತಾರೆಂಬ ಖಾತ್ರಿಯೂ ಇಲ್ಲ. ಆದರೆ ಮೊದಲ ಸೋಲನ್ನು ಅರಗಿಸಿಕೊಳ್ಳಲು ಸಮಯ ಸಿಗುತ್ತದೆ. ಅದು ಆಗದಿದ್ದರೆ ಒಂದೇ ಕಂತಿನಲ್ಲಿ ಒಂದೇ ಪ್ರಶ್ನೆ: ಈ ಕಣ ಪಡೆದ ಟಿ ಕೋಶ, ಕಣ ಪಡೆಯದ ಟಿ ಕೋಶಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಯೇ? ಮೂವರು ದಾನಿಗಳು, ಒಂದು ಗುರಿಕೋಶ. ಮೇಲಿನ ವಾರಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಗೈಡ್ ಮುಂದಿಡಿ. ವಾದಕ್ಕಿಂತ ಆ ಹಾಳೆಯೇ ಚೆನ್ನಾಗಿ ಮಾತಾಡುತ್ತದೆ.

ಕೊನೆಗೆ ದೊಡ್ಡಪ್ಪನ ವಿಷಯ. ಮನೆಯವರ ಆಸೆ ನನಗೆ ಅರ್ಥವಾಗುತ್ತದೆ. ಇಮ್ಯುನೊಥೆರಪಿಯ ಯಶಸ್ಸು ಸುಳ್ಳಲ್ಲ. ರೋಗನಿರೋಧಕ ವ್ಯವಸ್ಥೆಯ ಬ್ರೇಕುಗಳನ್ನು ಸಡಿಲಿಸುವ ಈ ದಾರಿಯನ್ನು ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. 2017ರಲ್ಲಿ ಮಕ್ಕಳ ಮತ್ತು ಯುವಜನರ ಒಂದು ಬಗೆಯ ರಕ್ತಕ್ಯಾನ್ಸರ್‌ಗೆ ಅಮೆರಿಕದಲ್ಲಿ ಮೊದಲ ಕಾರ್-ಟಿ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಆದರೆ ಮೇದೋಜೀರಕ ಗ್ರಂಥಿಯ ಗಡ್ಡೆ ಬೇರೆ ಜಾತಿಯದು. ಅದರ ಸುತ್ತ ನಾರಿನಂಥ ಗಟ್ಟಿ ಅಂಗಾಂಶ ಬೆಳೆದು ಟಿ ಕೋಶಗಳನ್ನು ಒಳಗೆ ಬಿಡುವುದಿಲ್ಲ, ಒಳಹೊಕ್ಕವನ್ನೂ ಸುಸ್ತು ಮಾಡುತ್ತದೆ. ಬ್ರೇಕು ಸಡಿಲಿಸುವ ಔಷಧಗಳನ್ನಷ್ಟೇ ಕೊಟ್ಟಾಗ ಅವು ಹೆಚ್ಚಿನ ರೋಗಿಗಳಲ್ಲಿ ಕೆಲಸ ಮಾಡುವುದಿಲ್ಲ. ಒಂದು ಸಣ್ಣ ಗುಂಪಿನವರ, ಸುಮಾರು ನೂರಕ್ಕೆ ಒಬ್ಬರ, ಗಡ್ಡೆಯಲ್ಲಿ ಡಿಎನ್‌ಎ ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ, ಅಂಥವರಿಗೆ ಉಪಯೋಗವಾಗಬಹುದು. ಗಡ್ಡೆ ಯಾವ ಅಂಗದ್ದೇ ಆಗಿರಲಿ, ಈ ದೋಷವಿದ್ದು ಬೇರೆ ಚಿಕಿತ್ಸೆಗೆ ಜಗ್ಗದಿದ್ದರೆ ಪೆಂಬ್ರೊಲಿಝುಮ್ಯಾಬ್ ಎಂಬ ಬ್ರೇಕು ಸಡಿಲಿಸುವ ಔಷಧ ಕೊಡಬಹುದೆಂದು 2017ರಲ್ಲೇ ಅಮೆರಿಕದಲ್ಲಿ ಒಪ್ಪಿಗೆಯಾಗಿದೆ.

ನೀವು ಹೋಗುತ್ತಿರುವುದು ಲ್ಯಾಬಿಗೆ, ಆಸ್ಪತ್ರೆಗಲ್ಲ. ಅಲ್ಲಿ ತಯಾರಾಗುವ ಕೋಶಗಳು ಮನುಷ್ಯರಿಗೆ ಕೊಡುವ ಗುಣಮಟ್ಟದವಲ್ಲ, ಯಾರಿಗೂ ಕೊಡಲು ಬರುವುದಿಲ್ಲ. ದೊಡ್ಡಪ್ಪನ ವರದಿಗಳನ್ನು ಹೊತ್ತೊಯ್ದು ಮೊದಲ ವಾರವೇ ಪ್ರೊಫೆಸರ್ ಮುಂದಿಟ್ಟರೆ ಅವರಿಗೂ ಇಕ್ಕಟ್ಟು, ನಿಮಗೂ ಇಕ್ಕಟ್ಟು. ಅದರ ಬದಲು ಇವತ್ತೇ ದೊಡ್ಡಮ್ಮನಿಗೆ ಫೋನ್ ಮಾಡಿ, ಮುಂದಿನ ಸಲ ಆಂಕಾಲಜಿಸ್ಟ್ ಹತ್ತಿರ ಹೋದಾಗ ಎರಡು ವಿಷಯ ಕೇಳಲು ಹೇಳಿ: ಬಯಾಪ್ಸಿ ಮೇಲೆ ಎಂಎಸ್‌ಐ ಅಥವಾ ಎಂಎಂಆರ್ ಪರೀಕ್ಷೆ (ಡಿಎನ್‌ಎ ತಿದ್ದುವ ವ್ಯವಸ್ಥೆ ಕೆಟ್ಟಿದೆಯೇ ಎಂದು ತೋರಿಸುವುದು) ಆಗಿದೆಯೇ, ಮತ್ತು ದೊಡ್ಡಪ್ಪನ ಈಗಿನ ಸ್ಥಿತಿಗೆ ಹೊಂದುವ ಯಾವುದಾದರೂ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆಯೇ. ಇದಕ್ಕೆ ನಿಮ್ಮ ಪ್ರಯಾಣದವರೆಗೆ ಕಾಯಬೇಡಿ. ಏಳು ತಿಂಗಳು ನಿಮ್ಮ ಯೋಜನೆಗೆ ಸಾಕು, ಅವರ ಕಾಯಿಲೆಗೆ ಅದು ತುಂಬಾ ದೀರ್ಘ ಸಮಯ.